ಥೇರಿಯನ್ ಸಮುದಾಯ ಅಂತರ್ಜಾಲದಲ್ಲಿ ಮೊದಲು ಕಣ್ಣುಬಿಟ್ಟದ್ದು ಎಲ್ಲಿ?

ಪ್ರಶ್ನೆ: ಇರುಳೋದು

ನಮಸ್ಕಾರ. ಅಂತರ್ಜಾಲದಲ್ಲೇ ಹುಟ್ಟಿ ಬೆಳೆದ ಸಮುದಾಯಗಳ ಕುರಿತು ಒಂದು ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಥೇರಿಯನ್ನರಿಗೆ, ಎಂದರೆ ದೇಹದಿಂದ ಮನುಷ್ಯರಾಗಿದ್ದೂ ತಮ್ಮ ಒಳಗಿನ ಗುರುತಿನಲ್ಲಿ ತೋಳವೋ ನರಿಯೋ ಚಿರತೆಯೋ ಆಗಿದ್ದೇವೆಂದು ಅನುಭವಿಸುವವರಿಗೆ, ಒಂದು ಭಾಗವನ್ನು ಮೀಸಲಿಡಬೇಕೆಂಬುದು ನನ್ನ ಆಸೆ.

ಸದ್ಯ ಕೈಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಮುಖವಾಡ ತೊಟ್ಟು ಕೈಕಾಲೂರಿ ಓಡುವ ಹದಿಹರೆಯದವರ ವೀಡಿಯೊಗಳಿಂದ ಆರಂಭವಾಗಿ, ಇದೆಲ್ಲ ಟಿಕ್‌ಟಾಕ್ ಕಾಲದ ಹೊಸ ಗೀಳು ಎಂಬ ತೀರ್ಪಿನಲ್ಲಿ ಮುಗಿಯುತ್ತವೆ. ನನಗೆ ಆ ತೀರ್ಪನ್ನು ಒಪ್ಪಲು ಆಗುತ್ತಿಲ್ಲ. ಈ ಜನ ಬಳಸುವ ಪರಿಭಾಷೆಯನ್ನು ಗಮನಿಸಿದರೆ, ತಾನು ಪ್ರಾಣಿಯಾಗಿ ಬದಲಾದಂತೆ ಅನಿಸುವ ‘ಶಿಫ್ಟ್’ ಎಂಬ ಒಂದೇ ಅನುಭವಕ್ಕೆ ನಾಲ್ಕಾರು ಬಗೆಗಳು, ತಮ್ಮ ಪ್ರಾಣಿಯನ್ನು ಸೂಚಿಸಲು ‘ಥೇರಿಯೋಟೈಪ್’ ಎಂಬ ಪ್ರತ್ಯೇಕ ಪದ, ಗ್ರೀಕ್ ಅಕ್ಷರಗಳಿಂದ ಮಾಡಿದ ಒಂದು ಲಾಂಛನ, ಇವೆಲ್ಲ ಕಾಣುತ್ತವೆ. ಇಷ್ಟು ಮಾತುಗಳು ಬಳಕೆಯಲ್ಲಿ ಸವೆದು ನಯವಾಗಬೇಕಾದರೆ ಅದರ ಹಿಂದೆ ಬಹಳ ವರ್ಷಗಳ ಚರ್ಚೆ ನಡೆದಿರಲೇಬೇಕು.

ಆ ಚರ್ಚೆ ಎಲ್ಲಿ ಆರಂಭವಾಯಿತು? ಈ ಹೆಸರು ಬರುವ ಮೊದಲು ಇವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು? ವೈದ್ಯರು ಹೇಳುವ ‘ಲೈಕಾಂತ್ರೊಪಿ’ ಎಂಬ ಕಾಯಿಲೆಗೂ, ಪ್ರಾಣಿರೂಪದ ಪಾತ್ರಗಳನ್ನು ಮೆಚ್ಚುವ ‘ಫರ್ರಿ’ ಅಭಿಮಾನಿಗಳಿಗೂ ಇವರಿಗೂ ಆಗ ಇದ್ದ ಸಂಬಂಧವೇನು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಕಡತಪ್ರಿಯ

ನಿಮ್ಮ ಅನುಮಾನ ಸರಿಯಾಗಿದೆ. ಇದರ ಮೊದಲ ಬೇರುಗಳು 1990ರ ದಶಕದ ಆರಂಭದಲ್ಲಿವೆ. ಸಾಮಾನ್ಯ ಓದುಗರ ಕೈಗೆ ವೆಬ್ ಬ್ರೌಸರ್ ಸಿಗುವುದಕ್ಕೂ ಮುಂಚಿನ ಮಾತು ಇದು.

ಆ ಕಾಲದಲ್ಲಿ ದೂರದೂರದ ಅಪರಿಚಿತರು ಒಂದೆಡೆ ಕೂಡಿ ಮಾತನಾಡಲು ಇದ್ದ ಬಹುಮುಖ್ಯ ಜಾಗವೆಂದರೆ ಯೂಸ್‌ನೆಟ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1979ರಲ್ಲಿ ಕಲ್ಪಿಸಿದ ಈ ವ್ಯವಸ್ಥೆಯಲ್ಲಿ, ಒಬ್ಬರು ಬರೆದ ಸಂದೇಶವು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನಕಲಾಗುತ್ತಾ ಲೋಕವನ್ನೆಲ್ಲ ಸುತ್ತುತ್ತಿತ್ತು. ಸಂದೇಶಗಳು ವಿಷಯವಾರು ನ್ಯೂಸ್‌ಗ್ರೂಪುಗಳಲ್ಲಿ ಹಂಚಿಹೋಗುತ್ತಿದ್ದವು. ಮುಖ್ಯ ವಿಭಾಗಗಳಲ್ಲಿ ಹೊಸ ಗುಂಪನ್ನು ತೆರೆಯಬೇಕಾದರೆ ಪ್ರಸ್ತಾವ, ಚರ್ಚೆ, ಮತದಾನ ಎಂಬ ಹಂತಗಳನ್ನು ದಾಟಬೇಕಾಗಿತ್ತು. ಆದರೆ 1987ರಲ್ಲಿ ಆರಂಭವಾದ ‘ಆಲ್ಟ್’ ಎಂಬ ವಿಭಾಗಕ್ಕೆ ಈ ಕಟ್ಟುಪಾಡು ಅನ್ವಯಿಸುತ್ತಿರಲಿಲ್ಲ. ಯಾವ ಸಮಿತಿಯೂ ಮತ ಹಾಕಿ ಒಪ್ಪದಂಥ ವಿಷಯಗಳಿಗೆ ಅಲ್ಲಿ ನೆಲೆ ಸಿಗುತ್ತಿತ್ತು. ಈ ವಿವರವನ್ನು ನಿಮ್ಮ ಲೇಖನದಲ್ಲಿ ಬಿಡಬೇಡಿ. ಯಾರ ಅನುಮತಿಯನ್ನೂ ಕೇಳಬೇಕಿಲ್ಲದ ಆ ಒಂದು ಮೂಲೆ ಇಲ್ಲದಿದ್ದರೆ ಮುಂದಿನದೇನೂ ಅದೇ ರೀತಿಯಲ್ಲಿ ನಡೆಯುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ವಿಭಾಗದಲ್ಲಿ 1992ರ ನವೆಂಬರಿನಲ್ಲಿ ‘ಆಲ್ಟ್ ಡಾಟ್ ಹಾರರ್ ಡಾಟ್ ವೇರ್‌ವುಲ್ವ್ಸ್’ ಎಂಬ ಗುಂಪು ಆರಂಭವಾಯಿತು. ಹೆಸರೇ ಹೇಳುವಂತೆ ಅದು ತೋಳಮಾನವರ, ಎಂದರೆ ತೋಳವಾಗಿ ಮಾರ್ಪಡುವ ಮನುಷ್ಯರ, ಭಯಾನಕ ಕಥೆಗಳು ಮತ್ತು ಸಿನಿಮಾಗಳ ಅಭಿಮಾನಿಗಳಿಗಾಗಿ ತೆರೆದ ಜಾಗ. ತೋಳಮಾನವರನ್ನು ಕುರಿತ ಪಾತ್ರಾಭಿನಯದ ಆಟವೊಂದು ಅದೇ ವರ್ಷ ಪ್ರಕಟವಾಗಿ ಜನಪ್ರಿಯವಾಗಿದ್ದುದರಿಂದ ಅದರ ಆಟಗಾರರೂ ಅಲ್ಲಿಗೆ ಬಂದರು. ಯಾವ ಚಿತ್ರದ ರೂಪಾಂತರದ ದೃಶ್ಯ ಚೆನ್ನಾಗಿದೆ, ಬೆಳ್ಳಿಯ ಗುಂಡಿನ ಕಲ್ಪನೆ ಎಲ್ಲಿಂದ ಬಂತು, ಹುಣ್ಣಿಮೆಗೂ ತೋಳಕ್ಕೂ ಏನು ನಂಟು ಎಂಬಂಥ ಮಾತುಗಳಿಗಾಗಿಯೇ ಆ ಗುಂಪು ಇದ್ದದ್ದು.

ಆದರೆ ಕಥೆಗಳನ್ನು ಕುರಿತು ಮಾತನಾಡುತ್ತಿದ್ದವರ ನಡುವೆ, ಕಥೆಯ ಕಾರಣಕ್ಕಷ್ಟೇ ಅಲ್ಲಿಗೆ ಬಂದಿರದ ಕೆಲವರಿದ್ದರು. ಸುಮಾರು 1993-94ರ ಹೊತ್ತಿಗೆ, ನನಗೆ ಇದು ಕೇವಲ ಕಲ್ಪನೆಯಾಗಿ ಉಳಿದಿಲ್ಲ, ನನ್ನೊಳಗೆ ಒಂದು ಪ್ರಾಣಿಯಿದೆ, ಚಿಕ್ಕಂದಿನಿಂದಲೂ ಹೀಗೇ ಅನಿಸಿದೆ ಎಂದು ಬರೆಯುವವರು ಅಲ್ಲಿ ಕಾಣಿಸಿಕೊಂಡರು. ಒಬ್ಬರು ಹೇಳಿಕೊಂಡದ್ದನ್ನು ಓದಿ, ಅದುವರೆಗೆ ಬಾಯಿಬಿಡದೆ ಓದುತ್ತಿದ್ದ ಇನ್ನೊಬ್ಬರು ಧೈರ್ಯ ತಂದುಕೊಂಡರು. ಈ ಸಮುದಾಯಕ್ಕೆ ಒಬ್ಬ ಸ್ಥಾಪಕನೂ ಇಲ್ಲ, ಸ್ಥಾಪನೆಯ ದಿನವೂ ಇಲ್ಲ. ಬೇರೊಂದು ವಿಷಯಕ್ಕೆ ಹಾಕಿದ್ದ ಚಪ್ಪರದಡಿ ಒಂದೇ ಬಗೆಯ ಅನುಭವವುಳ್ಳವರು ಒಬ್ಬರನ್ನೊಬ್ಬರು ಗುರುತಿಸಿಕೊಂಡರು, ಅಷ್ಟೆ. ಅದರಿಂದಾಗಿಯೇ ಗುಂಪಿನೊಳಗೆ ತಿಕ್ಕಾಟವೂ ಉಂಟಾಯಿತು. ಸಿನಿಮಾದ ಮಾತಿಗೆಂದು ಬಂದವರಿಗೆ ಈ ನಿವೇದನೆಗಳು ವಿಚಿತ್ರವಾಗಿ ಕಂಡವು. ನಿವೇದಿಸಿಕೊಂಡವರಿಗೆ ಭಯಾನಕ ಕಥೆಯ ರಕ್ತಪಿಪಾಸು ತೋಳವು ತಮ್ಮ ಅನುಭವಕ್ಕೆ ಮಾಡಿದ ಅಪಚಾರವೆನಿಸಿತು.

ಕಾಲದ ಹೊಂದಾಣಿಕೆಯನ್ನೂ ಗಮನಿಸಬೇಕು. ಯೂಸ್‌ನೆಟ್‌ಗೆ ಪ್ರತಿ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿಗಳು ಬಂದು, ಕೆಲವು ವಾರಗಳಲ್ಲಿ ಅಲ್ಲಿನ ರೀತಿನೀತಿಗಳನ್ನು ಕಲಿತು ಹೊಂದಿಕೊಳ್ಳುವುದು ವಾಡಿಕೆಯಾಗಿತ್ತು. 1993ರ ನಂತರ ವಾಣಿಜ್ಯ ಸೇವೆಗಳ ಚಂದಾದಾರರು ನಿರಂತರವಾಗಿ ಬರತೊಡಗಿದ್ದರಿಂದ ಹಳಬರು ಆ ಅವಧಿಯನ್ನು ‘ಮುಗಿಯದ ಸೆಪ್ಟೆಂಬರ್’ ಎಂದೇ ಕರೆದರು. ಅನೇಕ ಗುಂಪುಗಳಿಗೆ ಈ ನೆರೆಯಿಂದ ಕೇಡಾಯಿತು. ತೋಳಮಾನವರ ಗುಂಪಿಗೂ ಕೀಟಲೆ ಮಾಡುವವರ ಕಾಟ ತಪ್ಪಲಿಲ್ಲ. ಆದರೂ ಲಕ್ಷಕ್ಕೊಬ್ಬರಂತೆ ಚದುರಿಹೋಗಿರುವ ಜನರಿಗೆ, ಓದುಗರ ಸಂಖ್ಯೆ ಹೆಚ್ಚಿದಷ್ಟೂ ತಮ್ಮಂಥವರು ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚುತ್ತಿತ್ತು ಎಂಬುದನ್ನು ನಾವು ಮರೆಯಬಾರದು.

ಪರದೆಯ ಮೇಲಿನ ಪರಿಚಯ ಮುಖತಃ ಭೇಟಿಗೆ ತಿರುಗಲು ಹೆಚ್ಚು ಸಮಯ ಬೇಕಾಗಲಿಲ್ಲ. 1994ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಈ ಗುಂಪಿನವರು ಸೇರಿದ ಕೂಟವೇ ಈ ಬಗೆಯ ಮೊದಲ ಕೂಟವೆಂದು ದಾಖಲಾಗಿದೆ. ಇಂಥ ಕೂಟಗಳಿಗೆ ಅವರಿಟ್ಟ ಹೆಸರು ‘ಹೌಲ್’, ಅಂದರೆ ಊಳು. ಒಂದು ತೋಳ ಊಳಿಟ್ಟರೆ ದೂರದಲ್ಲಿರುವ ಇನ್ನೊಂದು ಓಗೊಡುತ್ತದೆಯಲ್ಲವೇ? ಇಷ್ಟು ಒಪ್ಪುವ ಹೆಸರು ಅವರಿಗೆ ಬೇರೆ ಸಿಗುತ್ತಿರಲಿಲ್ಲ.

ಉತ್ತರ: ಪದಮೂಲ

ಕಡತಪ್ರಿಯರ ಬರಹಕ್ಕೆ ಹೆಸರುಗಳ ಇತಿಹಾಸವನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ಕಾಯಿಲೆಯ ಕುರಿತ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಆರಂಭದ ದಿನಗಳಲ್ಲಿ ಅವರು ತಮ್ಮನ್ನು ‘ವೇರ್‌ವುಲ್ಫ್’, ‘ಲೈಕಾಂತ್ರೋಪ್’ ಎಂದು, ಅಥವಾ ಬಹು ಚುಟುಕಾಗಿ ‘ವೇರ್’ ಎಂದು ಕರೆದುಕೊಳ್ಳುತ್ತಿದ್ದರು. ಇಲ್ಲಿ ಒಂದು ಸ್ವಾರಸ್ಯವಿದೆ. ಹಳೆಯ ಇಂಗ್ಲಿಷಿನ ‘ವೇರ್’ ಎಂದರೆ ಗಂಡಸು. ಲ್ಯಾಟಿನ್ನಿನ ‘ವಿರ್’ ಮತ್ತು ಸಂಸ್ಕೃತದ ಮೂಲಕ ನಮ್ಮ ಮಾತಿಗೆ ಬಂದ ‘ವೀರ’ ಎಂಬ ಪದಗಳು ಅದರ ಜ್ಞಾತಿಗಳೇ. ಪ್ರಾಣಿಯ ಗುರುತನ್ನು ಹೇಳಲು ಅವರು ಆರಿಸಿಕೊಂಡ ಚಿಕ್ಕ ಪದದ ಮೂಲಾರ್ಥ ಮನುಷ್ಯನೆಂದೇ ಆಗಿತ್ತು! ಬಳಕೆಯಲ್ಲಿ ಅರ್ಥ ಪಕ್ಕಕ್ಕೆ ಸರಿದು, ತಮ್ಮೊಳಗಿನ ಪ್ರಾಣಿಯ ಪಾಲನ್ನು ‘ವೇರ್‌ಸೈಡ್’ ಎನ್ನುವವರೆಗೆ ಹೋಯಿತು.

ಆದರೆ ‘ಲೈಕಾಂತ್ರೋಪ್’ ಎಂಬ ಪದಕ್ಕೆ ಎರಡು ತೊಡಕುಗಳಿದ್ದವು. ಗ್ರೀಕಿನ ‘ಲೈಕೋಸ್’ ಎಂದರೆ ತೋಳ. ಗುಂಪಿನಲ್ಲಿ ತೋಳಗಳೇ ಹೆಚ್ಚಿದ್ದರೂ ಹುಲಿ, ಚಿರತೆ, ಕರಡಿಗಳೆಂದು ಹೇಳಿಕೊಳ್ಳುವವರೂ ಇದ್ದುದರಿಂದ ಅವರಿಗೆ ಆ ಹೆಸರು ಹೊಂದುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಮನೋವೈದ್ಯರು ಆ ಹೆಸರನ್ನು ಮೊದಲೇ ತಮ್ಮದಾಗಿಸಿಕೊಂಡಿದ್ದರು. ಬಾಸ್ಟನ್ ಸಮೀಪದ ಮ್ಯಾಕ್ಲೀನ್ ಆಸ್ಪತ್ರೆಯ ವೈದ್ಯರು 1988ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ತಾವು ಪ್ರಾಣಿಯಾಗಿ ಮಾರ್ಪಟ್ಟಿದ್ದೇವೆಂದು ನಂಬಿದ ಅಥವಾ ಹಾಗೆಯೇ ವರ್ತಿಸಿದ 12 ರೋಗಿಗಳ ವಿವರವಿದೆ. ಅಲ್ಲಿ ಲೈಕಾಂತ್ರೊಪಿಯು ತೀವ್ರ ಮನೋರೋಗದ ಒಂದು ಲಕ್ಷಣ. ಥೇರಿಯನ್ನರು ತಮ್ಮ ದೇಹ ಮನುಷ್ಯನದೇ ಎಂಬುದನ್ನು ಪೂರ್ತಿಯಾಗಿ ಅರಿತೇ ಮಾತನಾಡುತ್ತಾರೆ. ಈ ವ್ಯತ್ಯಾಸವನ್ನು ಅವರು ಹೊರಗಿನವರಿಗೆ ವಿವರಿಸಬೇಕಾಗಿ ಬಂದಾಗಲೆಲ್ಲ, ಕಾಯಿಲೆಯ ಹೆಸರನ್ನೇ ತಾವೂ ಇಟ್ಟುಕೊಂಡಿರುವುದು ಅಡ್ಡ ಬರುತ್ತಿತ್ತು.

ಅದರಿಂದ ‘ಥೇರಿಯಾಂತ್ರೊಪಿ’ ಎಂಬ ಪದ ಅವರಿಗೆ ಒದಗಿಬಂತು. ‘ಥೇರಿಯಾನ್’ ಎಂದರೆ ಕಾಡುಮೃಗ, ‘ಆಂಥ್ರೋಪೋಸ್’ ಎಂದರೆ ಮನುಷ್ಯ. ಇದನ್ನು ಇವರು ಹೊಸದಾಗಿ ಟಂಕಿಸಲಿಲ್ಲ. ನರಿಯ ಮೋರೆಯ ಅನುಬಿಸ್‌ನಂಥ ಈಜಿಪ್ಟಿನ ದೇವತೆಗಳನ್ನು ವರ್ಣಿಸಲು 19ನೆಯ ಶತಮಾನದಲ್ಲಿ ಧರ್ಮಗಳನ್ನು ಅಧ್ಯಯನ ಮಾಡುತ್ತಿದ್ದ ವಿದ್ವಾಂಸರು ಈ ಪದಕುಟುಂಬವನ್ನು ಬಳಸುತ್ತಿದ್ದರು. ಗುಹಾಚಿತ್ರಗಳಲ್ಲಿ ಕಾಣುವ ಅರ್ಧ ಪ್ರಾಣಿ, ಅರ್ಧ ಮನುಷ್ಯ ಆಕೃತಿಗಳನ್ನು ಪುರಾತತ್ವಜ್ಞರು ಇಂದಿಗೂ ಹಾಗೆಯೇ ಕರೆಯುತ್ತಾರೆ. ಯಾವ ಪ್ರಾಣಿಗೂ ಹೊಂದುವ, ಕಾಯಿಲೆಯ ಕಳಂಕ ತಟ್ಟದ ಈ ಪದವು 1990ರ ದಶಕದಲ್ಲಿ ಗುಂಪಿನೊಳಗೆ ನೆಲೆಯೂರಿತು, ಮುಂದೆ ಬಾಯಲ್ಲಿ ಸವೆದು ‘ಥೇರಿಯನ್’ ಎಂದಾಯಿತು. ಹಳೆಯ ಕಡತಗಳಲ್ಲಿ ಹುಡುಕುವಾಗ ಒಂದು ಎಚ್ಚರಿಕೆ: ಪ್ರಾಣಿಶಾಸ್ತ್ರದಲ್ಲೂ ‘ಥೇರಿಯನ್’ ಎಂಬ ಪದವಿದೆ, ಆದರೆ ಅಲ್ಲಿ ಅದು ಮೊಟ್ಟೆಯಿಡದೆ ಮರಿ ಹಾಕುವ ಸ್ತನಿಗಳನ್ನು ಒಟ್ಟಾಗಿ ಸೂಚಿಸುತ್ತದೆ. ಬರಿಯ ಆ ಪದವನ್ನಿಟ್ಟುಕೊಂಡು ಹುಡುಕಿದರೆ ಕಾಂಗರೂಗಳ ಹಲ್ಲಿನ ರಚನೆಯೇ ಮೊದಲು ಎದುರಾಗುತ್ತದೆ. ‘ಥೇರಿಯಾಂತ್ರೋಪ್’ ಅಥವಾ ‘ವೇರ್’ ಎಂದು ಹುಡುಕುವುದು ಲೇಸು.

ಫರ್ರಿಗಳ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅದು ವ್ಯಂಗ್ಯಚಿತ್ರ ಮತ್ತು ವೈಜ್ಞಾನಿಕ ಕಥೆಗಳ ಅಭಿಮಾನದಿಂದ ಬೆಳೆದ ಬೇರೊಂದು ಧಾರೆ. ಅದರ ಮೊದಲ ಸಮ್ಮೇಳನ ಕ್ಯಾಲಿಫೋರ್ನಿಯಾದಲ್ಲಿ 1989ರಲ್ಲಿ ನಡೆಯಿತು. ಕೆಲವರು ಎರಡೂ ಕಡೆ ಇದ್ದರು, ಇಂದೂ ಇದ್ದಾರೆ. ಆದರೆ ಒಂದು ಅಭಿರುಚಿ, ಇನ್ನೊಂದು ಗುರುತು. ಇವೆರಡನ್ನು ಕಲಸಿದ ಲೇಖನಗಳು ಈಗಾಗಲೇ ಸಾಕಷ್ಟಿವೆ.

ಅದಕ್ಕಿಂತ ಹತ್ತಿರದ ನಂಟು ‘ಅದರ್‌ಕಿನ್’ ಜನರದು. ಇವರು ತಮ್ಮನ್ನು ಎಲ್ಫ್, ಡ್ರ್ಯಾಗನ್ ಮುಂತಾದ ಪುರಾಣಜೀವಿಗಳೊಂದಿಗೆ ಗುರುತಿಸಿಕೊಳ್ಳುವವರು. ಕೆಂಟಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು 1990ರಲ್ಲಿ ಆರಂಭಿಸಿದ ‘ಎಲ್ಫಿನ್‌ಕೈಂಡ್ ಡೈಜೆಸ್ಟ್’ ಎಂಬ ಇಮೇಲ್ ಪತ್ರಿಕೆಯ ಸುತ್ತ ಅವರು ಕೂಡಿದರು. ಎಲ್ಫ್ ಅಲ್ಲದವರೂ ಬಂದು ಸೇರಿದಾಗ ‘ಅದರ್‌ಕಿನ್’ ಎಂಬ ಪದ ಅದೇ ವರ್ಷ ಅಲ್ಲಿ ಮೂಡಿತು. ಹೆಸರು ಹುಟ್ಟಿದ ಕಾರಣ ಎರಡೂ ಕಡೆ ಒಂದೇ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ: ಮೊದಲ ಹೆಸರಿನೊಳಗೆ ಹಿಡಿಸದವರು ಬಂದು ಬಾಗಿಲು ತಟ್ಟಿದಾಗ, ಅವರನ್ನು ಹೊರಗಿಡುವುದರ ಬದಲು ಹೆಸರನ್ನೇ ಅಗಲಗೊಳಿಸಲಾಯಿತು. ಎರಡು ಗುಂಪುಗಳೂ ಬೇರೆಬೇರೆಯಾಗಿ ಹುಟ್ಟಿ, ಆ ದಶಕದ ಕೊನೆಯ ಹೊತ್ತಿಗೆ ಪರಸ್ಪರ ಪರಿಚಿತವಾದವು.

ಉತ್ತರ: ಕಡತಪ್ರಿಯ

ಪದಮೂಲ ಅವರಿಗೆ ಧನ್ಯವಾದಗಳು. ‘ಶಿಫ್ಟ್’ ಕುರಿತ ಪ್ರಶ್ನೆ ಉಳಿದುಹೋಗಿದೆ. ಆ ಕಾಲದ ಅತಿ ಬಿಸಿಯಾದ ವಾಗ್ವಾದ ಅದರ ಸುತ್ತಲೇ ನಡೆಯಿತು.

ತೋಳಮಾನವರ ಕಥೆಯಲ್ಲಿ ಮನುಷ್ಯ ತೋಳವಾಗಿ ಬದಲಾಗುವುದೇ ತಿರುಳು. ಆ ಕಥೆಗಳ ಅಂಗಳದಲ್ಲಿ ಹುಟ್ಟಿದ ಸಮುದಾಯವು ತನ್ನ ಅನುಭವವನ್ನೂ ಬದಲಾವಣೆಯ ಭಾಷೆಯಲ್ಲೇ ಹೇಳಿಕೊಂಡದ್ದು ಸಹಜ. ಮನಸ್ಸಿನ ಓಟವು ಪ್ರಾಣಿಯದಾಗಿ, ಮಾತು ಹಿಂದೆ ಸರಿದು ವಾಸನೆ ಮತ್ತು ಸದ್ದುಗಳು ಮುನ್ನೆಲೆಗೆ ಬರುವುದನ್ನು ಅವರು ‘ಮೆಂಟಲ್ ಶಿಫ್ಟ್’ ಎಂದರು. ಇಲ್ಲದ ಬಾಲ, ಇಲ್ಲದ ಕಿವಿಗಳು ಇರುವಂತೆ ಭಾಸವಾಗುವುದು ‘ಫ್ಯಾಂಟಮ್ ಶಿಫ್ಟ್’; ಕೈ ಕಾಲು ಕಳೆದುಕೊಂಡವರಿಗೆ ಆ ಅಂಗ ಇನ್ನೂ ಇರುವಂತೆ ಅನಿಸುವುದಕ್ಕೆ ವೈದ್ಯಶಾಸ್ತ್ರದಲ್ಲಿರುವ ಹೆಸರನ್ನು ಇಲ್ಲಿಗೆ ತಂದುಕೊಂಡದ್ದು. ಕನಸಿನಲ್ಲಿ ಪ್ರಾಣಿಯಾಗುವುದಕ್ಕೂ ಒಂದು ಹೆಸರಿತ್ತು.

ಇವೆಲ್ಲವುಗಳಿಂದ ಬೇರೆಯಾಗಿ ನಿಲ್ಲುವುದು ‘ಫಿಸಿಕಲ್ ಶಿಫ್ಟ್’, ಅಂದರೆ ದೇಹವೇ ಪ್ರಾಣಿಯಾಗಿ ಮಾರ್ಪಡುವುದು. ಹಾಗಾಗುತ್ತದೆಂದು, ಅಥವಾ ಅದನ್ನು ಕಲಿಸಿಕೊಡುತ್ತೇವೆಂದು ಹೇಳುವವರು ಬಂದಾಗ ಸಮುದಾಯ ಇಬ್ಭಾಗವಾಯಿತು. ಯಾರ ಅನುಭವವನ್ನೂ ಸುಳ್ಳೆನ್ನಬಾರದು ಎಂಬ ಸೌಜನ್ಯ ಒಂದು ಕಡೆ, ಇದನ್ನು ಒಪ್ಪಿದರೆ ಎಳೆಯರು ಮೋಸಹೋಗುತ್ತಾರೆ ಎಂಬ ಆತಂಕ ಇನ್ನೊಂದು ಕಡೆ. ಬರಬರುತ್ತಾ ಎರಡನೆಯ ನಿಲುವೇ ಗಟ್ಟಿಯಾಯಿತು. ದೇಹ ಬದಲಾಗುತ್ತದೆನ್ನುವವರನ್ನು ನಂಬಬೇಡಿ ಎಂಬುದು ಹೊಸಬರಿಗೆ ಹಳಬರು ಹೇಳುವ ಮೊದಲ ಮಾತಾಯಿತು. ಹೊರಗಿನ ಯಾವ ಒತ್ತಾಯವೂ ಇಲ್ಲದೆ, ತಮ್ಮ ನಡುವಿನ ವಾದದಿಂದಲೇ ಅವರು ಈ ಗೆರೆಯನ್ನು ಎಳೆದುಕೊಂಡರು. ಇವರನ್ನು ಭ್ರಮೆಗೆ ಒಳಗಾದವರೆಂದು ತಳ್ಳಿಹಾಕುವವರು ಈ ಸಂಗತಿಯನ್ನು ಓದಿಯೇ ಇರುವುದಿಲ್ಲ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನೊಂದು ತಿದ್ದುಪಡಿ ತುಸು ತಡವಾಗಿ ಬಂತು. ಶಿಫ್ಟ್ ಆಗುವುದೇ ಥೇರಿಯನ್ನರ ಲಕ್ಷಣವೆಂಬ ರೂಢಿ ಬೆಳೆದಾಗ, ನನಗೆ ಏರಿಳಿತಗಳಿಲ್ಲ, ನನ್ನಲ್ಲಿ ಮನುಷ್ಯನೂ ಪ್ರಾಣಿಯೂ ಸದಾ ಬೆರೆತೇ ಇರುತ್ತಾರೆ ಎನ್ನುವವರು ಅದನ್ನು ಪ್ರಶ್ನಿಸಿದರು. ಅವರಿಗಾಗಿ ‘ಕಾಂಥೇರಿಯಾಂತ್ರೋಪ್’ ಎಂಬ ಪದ ಬಂತು. ಭಯಾನಕ ಕಥೆಯಿಂದ ಎರವಲು ತಂದ ಅಚ್ಚನ್ನು ಆ ಪದವು ಮುರಿಯಿತೆಂದೇ ನಾನು ಓದಿಕೊಂಡಿದ್ದೇನೆ. ನೀವು ಕೇಳಿದ ಲಾಂಛನ 2003ರದು: ಗ್ರೀಕಿನ ಥೀಟಾ ಮತ್ತು ಡೆಲ್ಟಾ ಅಕ್ಷರಗಳನ್ನು ಹೆಣೆದದ್ದು. ಥೀಟಾ ಎಂಬುದು ಥೇರಿಯಾಂತ್ರೊಪಿಯ ಮೊದಲಕ್ಷರ. ಡೆಲ್ಟಾ ಗಣಿತದಲ್ಲಿ ಬದಲಾವಣೆಯ ಗುರುತು.

ಅಷ್ಟರಲ್ಲಿ ಯೂಸ್‌ನೆಟ್ ತನ್ನ ಪ್ರಾಮುಖ್ಯವನ್ನು ಕಳೆದುಕೊಂಡಿತ್ತು. ಕೀಟಲೆ ಮತ್ತು ಜಾಹೀರಾತುಗಳಿಂದ ಬೇಸತ್ತವರು ವೈಯಕ್ತಿಕ ವೆಬ್ ಪುಟಗಳಿಗೆ, ಐಆರ್‌ಸಿ ಹರಟೆಕೋಣೆಗಳಿಗೆ, ಇಮೇಲ್ ಪಟ್ಟಿಗಳಿಗೆ, ಮುಂದೆ ‘ವೇರ್‌ಲಿಸ್ಟ್’ನಂಥ ತಾಣಗಳಿಗೆ ಮತ್ತು ಲೈವ್‌ಜರ್ನಲ್‌ಗೆ ಹೋದರು. ಹೀಗೆ ಹೋದದ್ದರಿಂದ ನಮಗೆ ಉಳಿದಿರುವ ಇತಿಹಾಸ ಒಂದು ಬದಿಗೆ ವಾಲಿದೆ. ಡೆಜಾನ್ಯೂಸ್ ಎಂಬ ಸಂಸ್ಥೆ 1995ರಿಂದ ಯೂಸ್‌ನೆಟ್ ಸಂದೇಶಗಳನ್ನು ಕೂಡಿಡುತ್ತಿತ್ತು. 2001ರಲ್ಲಿ ಗೂಗಲ್ ಆ ಭಂಡಾರವನ್ನು ಕೊಂಡು, ಅದಕ್ಕೆ ಇನ್ನೂ ಹಳೆಯ ಸಂಗ್ರಹಗಳನ್ನು ಸೇರಿಸಿತು. ಆದ್ದರಿಂದ 1993ರ ಜಗಳವೊಂದನ್ನು ಇಂದೂ ಓದಬಹುದು. ಆದರೆ ವೈಯಕ್ತಿಕ ವೆಬ್ ಪುಟಗಳಿಗೆ ಜಾಗ ಕೊಟ್ಟಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಯಾಹೂ ಗ್ರೂಪ್ಸ್‌ನಲ್ಲಿದ್ದ ಬರಹಗಳನ್ನು 2019ರ ಡಿಸೆಂಬರಿನಲ್ಲಿ ಅಳಿಸಲಾಯಿತು, ಹರಟೆಕೋಣೆಯ ಮಾತುಗಳಂತೂ ಆಡಿದ ಗಳಿಗೆಯಲ್ಲೇ ಗಾಳಿಗೆ ಹೋದವು. ಕೆಲವು ಸ್ವಯಂಸೇವಕರು ಮುಳುಗುವ ತಾಣಗಳಿಂದ ಎಷ್ಟೋ ಪುಟಗಳನ್ನು ಉಳಿಸಿದ್ದಾರೆ. ಆದರೂ 1993 ನಮಗೆ 1999ಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಉಳಿದುಬಂದ ಆ ಜಗಳಗಳನ್ನಷ್ಟೇ ನೋಡಿ ಸಮುದಾಯವೆಲ್ಲ ಜಗಳಗಂಟರದಾಗಿತ್ತೆಂದು ಭಾವಿಸಬಾರದು. ಸಾಂತ್ವನದ ಮಾತುಗಳನ್ನು ಜನ ಖಾಸಗಿಯಾಗಿ ಬರೆದುಕೊಳ್ಳುತ್ತಾರೆ. ಅವು ಕಡತಕ್ಕೆ ಸೇರುವುದಿಲ್ಲ.

ಪ್ರತಿಕ್ರಿಯೆ: ಇರುಳೋದು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ನಾನು ಒಂದು ಆರಂಭವನ್ನು ಹುಡುಕುತ್ತಿದ್ದೆ. ತಾವು ತೋರಿಸಿದ್ದು ಪದಗಳು ಒಂದೊಂದಾಗಿ ಸಾಲದಾಗಿ, ಹೊಸವು ಬಂದ ಬಗೆಯನ್ನು. ಲೇಖನವನ್ನು ಆ ಕ್ರಮದಲ್ಲೇ ತಿರುಗಿ ಬರೆಯುತ್ತೇನೆ. ಒಂದು ಸಂದೇಹ ಉಳಿದಿದೆ. ಆ ಹಳೆಯ ಸಂದೇಶಗಳಿಂದ ಕೆಲವು ಸಾಲುಗಳನ್ನು ಉದ್ಧರಿಸಿದರೆ ಓದುಗರಿಗೆ ಆ ಕಾಲದ ಧ್ವನಿ ಕೇಳಿಸುತ್ತದೆ. ಎಲ್ಲರಿಗೂ ಕಾಣುವಂತೆ ಬರೆದದ್ದೇ ಆದ್ದರಿಂದ ಹಾಗೆ ಮಾಡಬಹುದೇ?

ಉತ್ತರ: ಪದಮೂಲ

ಮಾಡಬೇಡಿ ಎಂದೇ ಹೇಳುತ್ತೇನೆ. ಆಗ ಬರೆದವರಲ್ಲಿ ಬಹಳಷ್ಟು ಜನ ವಿದ್ಯಾರ್ಥಿಗಳು. ವಿಶ್ವವಿದ್ಯಾಲಯ ಕೊಟ್ಟ ಇಮೇಲ್ ವಿಳಾಸದಿಂದ, ಎಷ್ಟೋ ವೇಳೆ ನಿಜನಾಮದಲ್ಲೇ ಬರೆಯುತ್ತಿದ್ದರು. ಆ ದಿನಗಳಲ್ಲಿ ಸಂದೇಶಗಳು ಸರ್ವರುಗಳಲ್ಲಿ ಕೆಲವು ದಿನವೋ ವಾರವೋ ಇದ್ದು ಅಳಿಸಿಹೋಗುತ್ತಿದ್ದವು. ಹತ್ತು ವರ್ಷದ ನಂತರ ಒಂದು ಸಂಸ್ಥೆ ಅವನ್ನೆಲ್ಲ ಹೆಸರು ಹಿಡಿದು ಹುಡುಕುವಂತೆ ಜೋಡಿಸಿಡುತ್ತದೆಂದು ಅವರು ಊಹಿಸಿರಲಾರರು. ನೀವು ಹೆಸರನ್ನು ಬಿಟ್ಟರೂ, ಸಾಲನ್ನು ಇದ್ದಂತೆ ಕೊಟ್ಟರೆ ಹುಡುಕಾಟದ ಯಂತ್ರ ಬರೆದವರ ಬಾಗಿಲಿಗೆ ಕರೆದೊಯ್ಯುತ್ತದೆ. ಸಾರವನ್ನು ನಿಮ್ಮ ಮಾತಿನಲ್ಲಿ ಹೇಳಿ, ಗುಂಪಿನ ಹೆಸರನ್ನೂ ವರ್ಷವನ್ನೂ ನಮೂದಿಸಿ, ಅಷ್ಟು ಸಾಕು.

ನೇರ ಧ್ವನಿಯೇ ಬೇಕೆಂದರೆ ಒಪ್ಪಿಗೆ ಪಡೆದು ಮಾಡಿದ ಸಂಶೋಧನೆಗಳಿವೆ. ಬ್ರಿಟನ್ನಿನ ಟಿಮೊಥಿ ಗ್ರಿವೆಲ್, ಹೆಲೆನ್ ಕ್ಲೆಗ್ ಮತ್ತು ಎಲಿಜಬೆತ್ ರಾಕ್ಸ್‌ಬರ್ಗ್ 2014ರಲ್ಲಿ ಥೇರಿಯನ್ನರನ್ನು ಮಾತನಾಡಿಸಿ ಅವರ ಗುರುತಿನ ಅನುಭವವನ್ನು ಅಭ್ಯಾಸ ಮಾಡಿದ್ದಾರೆ. ಅದಕ್ಕೂ ಒಂದು ವರ್ಷ ಮುಂಚೆ ‘ನೋವಾ ರಿಲಿಜಿಯೊ’ ಪತ್ರಿಕೆಯಲ್ಲಿ ವೆನೀಷಿಯಾ ರಾಬರ್ಟ್‌ಸನ್ ಈ ಸಮುದಾಯದ ಆಧ್ಯಾತ್ಮಿಕ ಮುಖವನ್ನು ಕುರಿತು ಬರೆದಿದ್ದಾರೆ. ಮೊದಲನೆಯದರಿಂದ ಆರಂಭಿಸಿ. ಅಲ್ಲಿ ಮಾತನಾಡಿದವರಿಗೆ ತಮ್ಮ ಮಾತು ಅಚ್ಚಾಗುತ್ತದೆಂಬುದು ಮೊದಲೇ ಗೊತ್ತಿತ್ತು.